ಆಟಗಾರರ ಮಾತು ನಡೆಯುತ್ತಿಲ್ಲವೇ? ಟೇಬಲ್‌ಟಾಪ್ ಆರ್‌ಪಿಜಿಗೊಂದು ದೋಷ ನಿವಾರಣೆ ಕೈಪಿಡಿ

ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ನಡೆಸುತ್ತಾ, ಕೆಲಸ ಆಯಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವ ಆಟ. ಟೇಬಲ್ ಸುತ್ತ ಐದು ಜನ ಕೂತಿದ್ದಾರೆ. ದಾಳ ಇದೆ, ನಕ್ಷೆ ಇದೆ, ಪಾತ್ರಗಳ ಹಾಳೆ ಇದೆ. ಆದರೂ ಆಟ ಮೇಲೇಳುತ್ತಿಲ್ಲ. ಒಬ್ಬರು ಫೋನ್ ನೋಡುತ್ತಿದ್ದಾರೆ. ಇನ್ನೊಬ್ಬರು "ನೀವೇ ಹೇಳಿ, ಎಲ್ಲಿಗೆ ಹೋಗಬೇಕು?" ಅನ್ನುತ್ತಿದ್ದಾರೆ. ಆಟ ನಡೆಸುವವರಿಗೆ, ಅಂದರೆ ಗೇಮ್ ಮಾಸ್ಟರ್ ಅಥವಾ ಜಿಎಂಗೆ, ಇದು ನಿಜವಾಗಿಯೂ ನೋವಿನ ಗಳಿಗೆ. ವಾರವೆಲ್ಲ ಕೂತು ತಯಾರಿ ಮಾಡಿರುತ್ತಾರೆ. ಎಲ್ಲಿ ತಪ್ಪಿತು ಅಂತ ಗೊತ್ತಾಗುವುದಿಲ್ಲ.

ಇಂಥ ಕಡೆ ಕೆಟ್ಟಿರುವುದನ್ನು ಪ್ಲೇಯರ್ ಏಜೆನ್ಸಿ ಅಂತ ಕರೆಯುತ್ತಾರೆ. ಸರಳವಾಗಿ ಹೇಳಿದರೆ, ಆಟದೊಳಗೆ ಆಟಗಾರರ ಮಾತು ನಡೆಯಬೇಕು. ಅದಕ್ಕೆ ಮೂರು ಬೇಕು. ಎದುರಿಗೆ ಏನಿದೆ ಅಂತ ಅವರಿಗೆ ಗೊತ್ತಿರಬೇಕು. ನಿಜವಾಗಿಯೂ ಬೇರೆಬೇರೆಯಾದ ದಾರಿಗಳು ಇರಬೇಕು. ಹಿಡಿದ ದಾರಿಗೆ ತಕ್ಕ ಫಲ ಬರಬೇಕು. ಮೂರರಲ್ಲಿ ಒಂದು ಕಳಚಿದರೂ ಆಟಗಾರರು ಬರೀ ನೋಡುಗರಾಗುತ್ತಾರೆ.

ದೂರು ಬಂದಾಗ ಹೆಚ್ಚಿನ ಜಿಎಂಗಳು ಎರಡನೆಯದಕ್ಕೆ ಕೈ ಹಾಕುತ್ತಾರೆ. ನಕ್ಷೆಗೆ ಇನ್ನೂ ನಾಲ್ಕು ಊರು ಸೇರಿಸುತ್ತಾರೆ. ನಾನು ಹಲವು ವರ್ಷ ಆಟ ನಡೆಸಿ, ಆಡಿ ಕಂಡುಕೊಂಡದ್ದು ಬೇರೆ. ಮೊದಲು ಕೆಡುವುದು ಮೊದಲನೆಯದೇ. ಜಿಎಂ ತಲೆಯಲ್ಲಿ ಎಲ್ಲವೂ ಇರುತ್ತದೆ, ಆಟಗಾರರ ಕಿವಿಗೆ ಅರ್ಧ ಮಾತ್ರ ಬಿದ್ದಿರುತ್ತದೆ. ಅದನ್ನು ಸರಿಪಡಿಸುವುದಕ್ಕೆ ಖರ್ಚೂ ಇಲ್ಲ, ಹೊಸ ನಿಯಮವೂ ಬೇಡ. ಹಾಗಾಗಿ ಈ ಕೈಪಿಡಿಯಲ್ಲಿ ತಪಾಸಣೆ ಅಲ್ಲಿಂದಲೇ ಶುರುವಾಗುತ್ತದೆ.

## ಮೊದಲು ಹತ್ತು ನಿಮಿಷದ ತಪಾಸಣೆ

ಕಳೆದ ಸೆಷನ್, ಅಂದರೆ ಕಳೆದ ಸಲ ಕೂತು ಆಡಿದ ಆಟ, ನೆನಪಿರುವಾಗಲೇ ಒಂದು ಹಾಳೆ ತೆಗೆದುಕೊಳ್ಳಿ. ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಆಟಗಾರರು ಮಾಡಿದ ತೀರ್ಮಾನ. ಎರಡನೆಯದರಲ್ಲಿ, ಆ ತೀರ್ಮಾನ ಮಾಡುವಾಗ ಅವರಿಗೆ ಏನೇನು ಗೊತ್ತಿತ್ತು. ಮೂರನೆಯದರಲ್ಲಿ, ಅದರಿಂದ ಏನು ಬದಲಾಯಿತು. ಯುದ್ಧದಲ್ಲಿ ಯಾರನ್ನು ಹೊಡೆದರು ಎಂಬಂಥ ಸಣ್ಣ ತೀರ್ಮಾನ ಬಿಡಿ. ದೊಡ್ಡವು ಮಾತ್ರ ಬರೆಯಿರಿ.

ಮೂರ್ನಾಲ್ಕು ಗಂಟೆಯ ಸೆಷನ್ನಿಗೆ ಮೊದಲ ಕಾಲಂನಲ್ಲೇ ಒಂದೋ ಎರಡೋ ಸಾಲು ಬಂದರೆ ದಾರಿಗಳ ಕೊರತೆ ಇದೆ. ಎರಡನೆಯದು ಖಾಲಿ ಇದ್ದರೆ ಮಾಹಿತಿಯ ಕೊರತೆ. ಮೂರನೆಯದರಲ್ಲಿ "ಏನೂ ಇಲ್ಲ" ಅಂತಲೇ ಬರುತ್ತಿದ್ದರೆ ಫಲದ ಕೊರತೆ. ಯಾವ ಕಾಲಂ ಬಡವಾಗಿದೆ ನೋಡಿಕೊಂಡು ಮುಂದಿನ ಭಾಗಗಳಿಗೆ ಹೋಗಿ.

ಒಂದು ಎಚ್ಚರಿಕೆ. ಈ ಹಾಳೆಯನ್ನು ನೀವೊಬ್ಬರೇ ತುಂಬಿದರೆ ಸಾಲದು. ಒಬ್ಬ ಆಟಗಾರರಿಗೂ ಕೊಟ್ಟು ಬೇರೆಯಾಗಿ ತುಂಬಿಸಿ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡನೇ ಕಾಲಂ ಹೊಂದುವುದೇ ಇಲ್ಲ ಅನ್ನುವುದು ಎಷ್ಟೋ ಸಲ ಕಾಣುತ್ತದೆ. ದೋಷ ಅಲ್ಲೇ ಇದೆ.

## ಲಕ್ಷಣ: "ಈಗೇನು ಮಾಡ್ತೀರಿ?" ಅಂದರೆ ಎಲ್ಲರೂ ಸುಮ್ಮನೆ ಕೂರುತ್ತಾರೆ

ನನ್ನ ಟೇಬಲ್‌ನಲ್ಲೇ ಆದದ್ದು ಹೇಳುತ್ತೇನೆ. ಸುಟ್ಟುಹೋದ ಒಂದು ಗಿರಣಿಯ ಮುಂದೆ ನಾಲ್ವರು ನಿಂತಿದ್ದರು. ನಾನು ಹೊಗೆಯ ವಾಸನೆ, ಕರಿಯಾದ ತೊಲೆ, ಕುಸಿದ ಚಾವಣಿ ಎಲ್ಲವನ್ನೂ ಚೆನ್ನಾಗಿ ವರ್ಣಿಸಿದೆ. "ಏನು ಮಾಡ್ತೀರಿ?" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಹಾಳೆ ತಿರುವಿದಳು. ಇನ್ನೊಬ್ಬ "ನಾನು ಸುತ್ತ ನೋಡ್ತೀನಿ" ಅಂದ. ದಾಳ ಹಾಕಿಸಿದೆ, ಕಡಿಮೆ ಬಿತ್ತು, "ಏನೂ ಕಾಣಲ್ಲ" ಅಂದೆ. ಮತ್ತೆ ಮೌನ.

ನನ್ನ ತಲೆಯಲ್ಲಿ ಆ ಗಿರಣಿಗೊಂದು ನೆಲಮಾಳಿಗೆ ಇತ್ತು. ಅದರ ಬಾಗಿಲ ಮೇಲೆ ಬೂದಿ ಇರಲಿಲ್ಲ, ಯಾಕೆಂದರೆ ಬೆಂಕಿ ಆರಿದ ಮೇಲೆ ಯಾರೋ ಅದನ್ನು ತೆರೆದಿದ್ದರು. ಮಣ್ಣಿನಲ್ಲಿ ಗಾಡಿಯ ಗುರುತು ನದಿಯ ಕಡೆಗೆ ಹೋಗಿತ್ತು. ಬೇಲಿಯ ಆಚೆ ಒಬ್ಬ ಹುಡುಗ ನಿಂತು ನೋಡುತ್ತಿದ್ದ. ಮೂರು ದಾರಿ ಇದ್ದವು. ಮೂರನ್ನೂ ನಾನು ಹೇಳಿರಲಿಲ್ಲ. ಅವರೇ ಹುಡುಕಲಿ ಅಂತ ಕಾದಿದ್ದೆ. ಮುಂದಿನ ವಾರ ಅದೇ ದೃಶ್ಯವನ್ನು ಮತ್ತೆ ಶುರು ಮಾಡಿ, ಈ ಮೂರನ್ನೂ ಮೊದಲ ನಿಮಿಷದಲ್ಲೇ ಹೇಳಿದೆ. ಗಾಡಿಯ ಗುರುತಿನ ಹಿಂದೆ ಹೋಗಬೇಕೋ ಹುಡುಗನನ್ನು ಮಾತಾಡಿಸಬೇಕೋ ಅಂತ ಅವರು ಕಾಲು ಗಂಟೆ ವಾದ ಮಾಡಿದರು. ಅದೇ ಜನ, ಅದೇ ಗಿರಣಿ.

ಆದ್ದರಿಂದ ಮೌನ ಬಂದಾಗ ಮೊದಲು ಮಾಡಬೇಕಾದ್ದು ಇಷ್ಟೇ: ಒಬ್ಬ ಆಟಗಾರರನ್ನು "ನಿಮ್ಮ ಪಾತ್ರಕ್ಕೆ ಈಗ ಏನೇನು ಕಾಣ್ತಿದೆ, ಹೇಳಿ" ಅಂತ ಕೇಳಿ. ಪರೀಕ್ಷೆ ಮಾಡುವ ದನಿಯಲ್ಲಿ ಬೇಡ, ಸಹಜವಾಗಿ ಕೇಳಿ. ಅವರು ಹೇಳುವ ಚಿತ್ರ ನಿಮ್ಮದಕ್ಕಿಂತ ಬೇರೆ ಇದ್ದರೆ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ. ಹಾಗೆ ಸೇರಿಸುವಾಗ, ಮುಟ್ಟಲು, ಕೇಳಲು, ಹಿಂಬಾಲಿಸಲು ಆಗುವಂಥ ಕನಿಷ್ಠ ಮೂರು ವಸ್ತುವೋ ವ್ಯಕ್ತಿಯೋ ಇರಲಿ. ವಾಸನೆ, ಬೆಳಕು, ಚಳಿ ಇವೆಲ್ಲ ಚೆಂದ. ಆದರೆ ಅವುಗಳನ್ನು ಹಿಡಿದುಕೊಂಡು ಏನೂ ಮಾಡಲು ಆಗುವುದಿಲ್ಲ.

ಅದಾದ ಮೇಲೂ ಮೌನವೇ ಇದ್ದರೆ, ಅವಸರ ಇದೆಯೇ ನೋಡಿ. ಈಗಲೇ ತೀರ್ಮಾನಿಸದಿದ್ದರೆ ಏನು ಕೈತಪ್ಪುತ್ತದೆ? ಏನೂ ತಪ್ಪುವುದಿಲ್ಲ ಅಂದರೆ ಯಾರು ಯಾಕೆ ಏಳುತ್ತಾರೆ? "ಕತ್ತಲಾಗುತ್ತಾ ಬಂತು, ನದಿಯಲ್ಲಿ ನೀರು ಏರುತ್ತಿದೆ, ಗುರುತು ಅಳಿಸಿಹೋಗುತ್ತದೆ" ಅಂತ ಒಂದು ಮಾತು ಸಾಕು.

ಮೂರನೆಯ ಕಾರಣ ಸ್ವಲ್ಪ ಕಷ್ಟದ್ದು. ಹಿಂದೆ ಯಾವಾಗಲೋ ಅವರು ಧೈರ್ಯ ಮಾಡಿದಾಗ ಪೆಟ್ಟು ತಿಂದಿರಬಹುದು. ಪ್ರತಿ ಬಾಗಿಲ ಹಿಂದೆ ವಿಷದ ಬಾಣ, ನಂಬಿದವರೆಲ್ಲ ಮೋಸಗಾರರು ಅಂತಾದರೆ ಜನ ಕೈಕಟ್ಟಿ ಕೂರುವುದನ್ನೇ ಕಲಿಯುತ್ತಾರೆ. ಈ ಭಯ ಒಂದು ದಿನದಲ್ಲಿ ಹೋಗುವುದಿಲ್ಲ. ಅಪಾಯ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ: "ಇಲ್ಲಿ ಕಾಲಿಟ್ಟರೆ ನೆಲ ಕುಸಿಯಬಹುದು ಅಂತ ನಿನ್ನ ಪಾತ್ರಕ್ಕೆ ಅನ್ನಿಸುತ್ತಿದೆ. ಆದರೂ ಹೋಗ್ತೀಯಾ?" ಮೂರು ನಾಲ್ಕು ಸೆಷನ್ ಹೀಗೆ ಮಾಡಿದರೆ ನಂಬಿಕೆ ನಿಧಾನಕ್ಕೆ ವಾಪಸ್ ಬರುತ್ತದೆ.

## ಲಕ್ಷಣ: "ಏನು ಮಾಡಿದ್ರೂ ಆಗೋದು ಅದೇ ಅಲ್ವಾ"

ಈ ಮಾತು ಯಾರ ಬಾಯಲ್ಲಿ ಬಂದರೂ ಆಟ ನಿಲ್ಲಿಸಿ ಕೇಳಿಸಿಕೊಳ್ಳಿ. ಇದು ಫಲದ ಕೊರತೆ. ಇಂಗ್ಲಿಷ್ ಬಲ್ಲ ಆಟಗಾರರು ರೈಲ್‌ರೋಡ್ ಅನ್ನುತ್ತಾರೆ. ಹಳಿ ಹಾಕಿ ಆಗಿದೆ, ನಾವು ಬರೀ ಡಬ್ಬಿಯಲ್ಲಿ ಕೂತವರು ಅಂತ ಅರ್ಥ.

ಇದರ ಅತ್ಯಂತ ಪರಿಚಿತ ರೂಪಕ್ಕೆ ಕ್ವಾಂಟಮ್ ಓಗರ್ ಅಂತ ಹೆಸರಿದೆ. ಓಗರ್ ಅಂದರೆ ದೈತ್ಯ ರಾಕ್ಷಸ. ಎದುರಿಗೆ ಎರಡು ದಾರಿ, ಒಂದು ಕಾಡಿಗೆ, ಒಂದು ಗುಡ್ಡಕ್ಕೆ. ಜಿಎಂ ಒಂದೇ ರಾಕ್ಷಸನನ್ನು ತಯಾರು ಮಾಡಿದ್ದಾರೆ. ಆಟಗಾರರು ಎಲ್ಲಿಗೆ ಹೋದರೂ ರಾಕ್ಷಸ ಅಲ್ಲೇ ಸಿಗುತ್ತಾನೆ.

ಇದು ತಪ್ಪೋ ಸರಿಯೋ ಅಂತ ತುಂಬಾ ಜಗಳ ಇದೆ. ನನ್ನ ಉತ್ತರ ಎರಡನೇ ಕಾಲಂನಲ್ಲಿದೆ. ಎರಡೂ ದಾರಿಗಳ ಬಗ್ಗೆ ಆಟಗಾರರಿಗೆ ಏನೂ ಗೊತ್ತಿರಲಿಲ್ಲ, ಸುಮ್ನೆ ಎಡಕ್ಕೆ ಹೋದರು ಅಂದರೆ, ಅಲ್ಲಿ ಅವರಿಂದ ಕಿತ್ತುಕೊಂಡದ್ದು ಬಹಳವೇನಿಲ್ಲ. ಅದು ಆಯ್ಕೆಯೇ ಆಗಿರಲಿಲ್ಲ, ನಾಣ್ಯ ಚಿಮ್ಮಿದ ಹಾಗೆ. ಆದರೆ ಅವರು ದಾರಿಯಲ್ಲಿ ಕುರಿ ಕಾಯುವವನನ್ನು ನಿಲ್ಲಿಸಿ ಮಾತಾಡಿಸಿದ್ದಾರೆ, "ಕಾಡಿನಲ್ಲಿ ರಾಕ್ಷಸ ಇದ್ದಾನೆ" ಅಂತ ತಿಳಿದುಕೊಂಡಿದ್ದಾರೆ, ಅದಕ್ಕೇ ಒಂದು ದಿನ ಜಾಸ್ತಿ ಆದರೂ ಪರವಾಗಿಲ್ಲ ಅಂತ ಗುಡ್ಡದ ದಾರಿ ಹಿಡಿದಿದ್ದಾರೆ. ಈಗ ರಾಕ್ಷಸನನ್ನು ಗುಡ್ಡಕ್ಕೆ ತಂದರೆ ಅದು ಅನ್ಯಾಯ. ಅವರು ಕಷ್ಟಪಟ್ಟು ಗಳಿಸಿದ್ದನ್ನು ಕದ್ದ ಹಾಗೆ. ಅವರಿಗೆ ಇವತ್ತು ಗೊತ್ತಾಗದೇ ಇರಬಹುದು, ಎರಡು ಮೂರು ಸಲ ಆದಮೇಲೆ ಗೊತ್ತಾಗುತ್ತದೆ. ಆಮೇಲೆ ಯಾರೂ ಕುರಿ ಕಾಯುವವನನ್ನು ಮಾತಾಡಿಸುವುದಿಲ್ಲ.

ತಪಾಸಣೆ ಸುಲಭ. ಕಳೆದ ಸೆಷನ್ನಿನ ಒಂದು ದೊಡ್ಡ ತೀರ್ಮಾನ ಆರಿಸಿ. "ಇದನ್ನು ಬಿಟ್ಟು ಬೇರೆ ಮಾಡಿದ್ದರೆ ಇವತ್ತು ಏನು ಬೇರೆ ಇರುತ್ತಿತ್ತು?" ಅಂತ ಕೇಳಿಕೊಳ್ಳಿ. ಒಂದು ವಾಕ್ಯದಲ್ಲಿ ಉತ್ತರ ಬರಬೇಕು. ಬರದಿದ್ದರೆ ದೋಷ ಖಚಿತ.

ಸರಿಪಡಿಸುವ ಅಗ್ಗದ ದಾರಿ: ಮುಂದಿನ ಸೆಷನ್ನಿನ ಮೊದಲ ಐದು ನಿಮಿಷದಲ್ಲಿ ಹಿಂದಿನ ಒಂದು ತೀರ್ಮಾನದ ಫಲ ತೋರಿಸಿ. ಬಿಟ್ಟು ಕಳಿಸಿದ ಕಳ್ಳ ವಾಪಸ್ ಬಂದು ಸುದ್ದಿ ಕೊಡಲಿ. ಸಹಾಯ ಮಾಡದೆ ದಾಟಿಹೋದ ಹಳ್ಳಿಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಎದುರಾಗಲಿ. ಫಲ ದೊಡ್ಡದಿರಬೇಕಿಲ್ಲ, ಕಣ್ಣಿಗೆ ಕಾಣಬೇಕು.

ಇನ್ನೂ ಆಳದ ದುರಸ್ತಿ ತಯಾರಿಯಲ್ಲೇ ಆಗಬೇಕು. "ಖಳನಾಯಕ ತಪ್ಪಿಸಿಕೊಳ್ಳುತ್ತಾನೆ" ಅಂತ ನಿಮ್ಮ ಟಿಪ್ಪಣಿಯಲ್ಲಿ ಬರೆದಿದ್ದರೆ ಅದನ್ನು ಹೊಡೆದುಹಾಕಿ. ಅವನಿಗೆ ಏನು ಬೇಕು, ಅವನ ಹತ್ತಿರ ಯಾರಿದ್ದಾರೆ, ಯಾರೂ ತಡೆಯದಿದ್ದರೆ ಮುಂದಿನ ವಾರ ಏನು ಮಾಡುತ್ತಾನೆ, ಇಷ್ಟು ಬರೆಯಿರಿ. ಸಿಕ್ಕಿಬಿದ್ದರೆ ಸಿಕ್ಕಿಬಿದ್ದ. ಅವನ ಜಾಗಕ್ಕೆ ಅವನ ಕೈಕೆಳಗಿನವರಲ್ಲಿ ಯಾರಾದರೂ ಬರಬಹುದು, ಅಥವಾ ಅವನಿಗೆ ಹೆದರಿ ಸುಮ್ಮನಿದ್ದ ಇನ್ನೊಬ್ಬ ತಲೆ ಎತ್ತಬಹುದು. ಅದನ್ನು ಆಮೇಲೆ ಯೋಚಿಸಿದರಾಯಿತು.

## ಲಕ್ಷಣ: ತನಿಖೆ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದೆ

ಕೊಲೆಯ ಕಥೆ. ಪತ್ರ ಮೇಜಿನ ಡ್ರಾಯರ್‌ನಲ್ಲಿದೆ. ಆಟಗಾರರು ಹುಡುಕಿದರು, ದಾಳ ಕೈಕೊಟ್ಟಿತು, ಪತ್ರ ಸಿಗಲಿಲ್ಲ. ಈಗ ಎಲ್ಲರೂ ಜಿಎಂ ಮುಖ ನೋಡುತ್ತಿದ್ದಾರೆ. ಕೊನೆಗೆ ಒಬ್ಬ ಸೇವಕ ಬಂದು "ಸ್ವಾಮಿ, ಈ ಪತ್ರ ಸಿಕ್ಕಿತು" ಅನ್ನುತ್ತಾನೆ. ಕಥೆ ಮುಂದಕ್ಕೆ ಹೋಗುತ್ತದೆ, ಆದರೆ ಪತ್ತೆ ಮಾಡಿದ್ದು ಆಟಗಾರರಲ್ಲ.

ಇಲ್ಲಿ ಲೆಕ್ಕ ಹಾಕಿ ನೋಡಬಹುದು. 20 ಮುಖದ ದಾಳ, ಮುಟ್ಟಬೇಕಾದ ಗುರಿ 15, ಬಿದ್ದ ಸಂಖ್ಯೆಗೆ ಕೂಡಿಸುವ ಪಾತ್ರದ ಬೋನಸ್ 5. ಅಂದರೆ 10 ಅಥವಾ ಜಾಸ್ತಿ ಬೀಳಬೇಕು. ಗೆಲ್ಲುವ ಸಾಧ್ಯತೆ 55%. ಇಡೀ ಕಥೆಯನ್ನು ಒಂದೇ ಸುಳಿವಿಗೆ ನೇತುಹಾಕಿದರೆ 45% ಸಲ ಕಥೆ ಅಲ್ಲೇ ನಿಲ್ಲುತ್ತದೆ. ಅದೇ ವಿಷಯಕ್ಕೆ ಮೂರು ಬೇರೆಬೇರೆ ಸುಳಿವು ಇದ್ದು, ಮೂರಕ್ಕೂ ಇದೇ ಸಾಧ್ಯತೆ ಇದ್ದರೆ, ಮೂರೂ ಕೈತಪ್ಪುವುದು 9% ಮಾತ್ರ. ಆರ್‌ಪಿಜಿ ಬರಹಗಾರ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಮುಂದಿಟ್ಟ 'ಮೂರು ಸುಳಿವಿನ ನಿಯಮ' ಹೇಳುವುದು ಇದನ್ನೇ: ಆಟಗಾರರು ಮುಟ್ಟಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಿ. ಮೂರೂ ಒಂದೇ ಕೋಣೆಯಲ್ಲಿ ಬೇಡ. ಒಂದು ಪತ್ರ, ಒಬ್ಬ ಸಾಕ್ಷಿ, ಒಂದು ಗಾಯದ ಗುರುತು ಅಂತ ಹಂಚಿ.

ಇನ್ನೊಂದು ದಾರಿ ದಾಳವನ್ನೇ ಬಿಡುವುದು. ತನಿಖೆಯ ಆಟಗಳಿಗಾಗಿ ಆಟ ವಿನ್ಯಾಸಕ ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿಯಲ್ಲಿ ತಕ್ಕ ಕೌಶಲ ಇರುವ ಪಾತ್ರ ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ಸಿಕ್ಕ ಸುಳಿವಿನಿಂದ ಏನು ಮಾಡುತ್ತಾರೆ ಅನ್ನುವುದೇ ಅಲ್ಲಿ ಆಟ. ಬೇರೆ ನಿಯಮದ ಆಟ ಆಡುತ್ತಿದ್ದರೂ ಈ ಒಂದು ಅಭ್ಯಾಸ ಎರವಲು ತರಬಹುದು. ನಾನಂತೂ ತಂದಿದ್ದೇನೆ.

## ಲಕ್ಷಣ: ದಾಳ ಹಾಕಿದರೂ ನಂಬಿಕೆ ಇಲ್ಲ

ಆಟಗಾರರು ದಾಳ ಹಾಕಿ ಸಂಖ್ಯೆ ಹೇಳುತ್ತಾರೆ, ಆದರೆ ಮುಖದಲ್ಲಿ ಏನೂ ಇಲ್ಲ. ಗೆದ್ದರೂ ಕುಣಿಯುವುದಿಲ್ಲ. ಇದಕ್ಕೆ ಮೂರು ಮೂಲ ಇರುತ್ತದೆ.

ಒಂದು, ಯಾಕೆ ಹಾಕುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ಗೆದ್ದರೆ ಏನು, ಸೋತರೆ ಏನು ಅಂತ ದಾಳ ಬೀಳುವ ಮುಂಚೆ ಹೇಳಿ. "ಗೆದ್ದರೆ ಬೀಗ ಸದ್ದಿಲ್ಲದೆ ತೆಗೆಯುತ್ತೆ. ಸೋತರೂ ತೆಗೆಯುತ್ತೆ, ಆದರೆ ಕಾವಲುಗಾರ ಏಳುತ್ತಾನೆ. ಹಾಕ್ತೀಯಾ?" ಈ ಕೊನೆಯ ಪ್ರಶ್ನೆಯಲ್ಲೇ ಇದೆ ಎಲ್ಲ. ಬೇಡ ಅಂತ ಹಿಂದೆ ಸರಿಯುವ ಹಕ್ಕು ಅವರಿಗಿದೆ.

ಎರಡು, ಒಂದೇ ಕೆಲಸಕ್ಕೆ ಮತ್ತೆ ಮತ್ತೆ ದಾಳ. ಕಳ್ಳಿಯೊಬ್ಬಳು ಕೋಟೆಗೆ ನುಸುಳಬೇಕು. ಗೋಡೆಯ ಹತ್ತಿರ ಒಂದು ಸಲ, ಅಂಗಳದಲ್ಲಿ ಒಂದು ಸಲ, ಮೆಟ್ಟಿಲಲ್ಲಿ ಇನ್ನೊಂದು ಸಲ. ಪ್ರತಿ ಸಲ 55% ಇದ್ದರೂ ಮೂರೂ ಗೆಲ್ಲುವುದು ಸುಮಾರು 17% ಮಾತ್ರ. ಜಿಎಂಗೆ ಬಾಯಲ್ಲಿ "ಆಗಲ್ಲ" ಅನ್ನಬೇಕಾಗಿಯೇ ಇಲ್ಲ, ಲೆಕ್ಕವೇ ಅದನ್ನು ಹೇಳಿಬಿಡುತ್ತದೆ. ಆ ಕಳ್ಳಿಯನ್ನು ಆಡುವ ಹುಡುಗಿ ಇಡೀ ಪಾತ್ರವನ್ನು ನುಸುಳುವುದಕ್ಕೇ ಕಟ್ಟಿದ್ದಾಳೆ ಅನ್ನುವುದನ್ನು ನೆನೆಯಿರಿ. ಬರ್ನಿಂಗ್ ವೀಲ್ ಆಟದಲ್ಲಿ ಇದಕ್ಕೊಂದು ಒಳ್ಳೆಯ ನಿಯಮ ಇದೆ: ಒಂದು ಸಲ ದಾಳ ಹಾಕಿದರೆ, ಪರಿಸ್ಥಿತಿ ನಿಜವಾಗಿ ತಲೆಕೆಳಗಾಗುವ ತನಕ ಆ ಫಲಿತಾಂಶವೇ ನಿಲ್ಲುತ್ತದೆ. ಗೆದ್ದರೂ ಅದೇ, ಸೋತರೂ ಅದೇ. ಮತ್ತೆ ಹಾಕಿ ಅಂತ ಜಿಎಂ ಕೇಳುವಂತಿಲ್ಲ, ಆಟಗಾರರೂ ಕೇಳುವಂತಿಲ್ಲ.

ಮೂರು, ಜಿಎಂ ತಮ್ಮ ದಾಳ ಕಾಣದಂತೆ ಮುಂದೆ ಇಟ್ಟುಕೊಳ್ಳುವ ಪರದೆಯ ಹಿಂದೆ ಸಂಖ್ಯೆ ಬದಲಾಗುತ್ತಿದೆ ಅನ್ನುವ ಅನುಮಾನ. ಪಾತ್ರ ಸಾಯದಿರಲಿ ಅಂತ ಪ್ರೀತಿಯಿಂದಲೇ ಎಷ್ಟೋ ಜಿಎಂಗಳು ಹೀಗೆ ಮಾಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಪಾಯ ಇದೆ ಅಂತ ತಿಳಿದೇ ಆಟಗಾರರು ಧೈರ್ಯ ಮಾಡಿದ್ದರು. ಆ ಧೈರ್ಯಕ್ಕೆ ಬೆಲೆ ಇರಬೇಕು. ಪಾತ್ರ ಸಾಯುವುದು ಬೇಡ ಅಂತ ಎಲ್ಲರಿಗೂ ಇದ್ದರೆ, ಅದನ್ನು ಮೊದಲೇ ಕೂತು ಒಪ್ಪಿಕೊಂಡು ನಿಯಮ ಮಾಡಿ. ಸೋತರೆ ಸೆರೆ, ಗಾಯ, ಸಾಲ, ಹೀಗೆ ಬೇರೆ ಬೆಲೆ ಇಡಿ. ಪರದೆ ತೆಗೆದು ಎಲ್ಲರೆದುರು ದಾಳ ಹಾಕಿ. ಒಂದೇ ಸಂಜೆಯಲ್ಲಿ ಟೇಬಲ್‌ನ ಗಾಳಿ ಬದಲಾಗುವುದನ್ನು ನೋಡುತ್ತೀರಿ.

ಸೋಲು ಗೆಲುವಿನ ನಡುವೆ ಏನಾದರೂ ಬೇಕು ಅನ್ನಿಸಿದರೆ 2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಆಟದ ಪದ್ಧತಿ ನೋಡಿ. ಎರಡು ಆರು ಮುಖದ ದಾಳ ಹಾಕಿ ಕೂಡಬೇಕು. 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಗೆಲುವು ಆದರೆ ಬೆಲೆ ಕೊಟ್ಟು, 6 ಅಥವಾ ಕಡಿಮೆ ಬಂದರೆ ಆಟ ಜಿಎಂ ಕೈಗೆ. ಬೋನಸ್ ಇಲ್ಲದಿದ್ದರೆ 36ರಲ್ಲಿ 15 ಸಲ ಆ ನಡುವಿನ ಫಲಿತಾಂಶ ಬರುತ್ತದೆ. ಆಗ ಆಟಗಾರರಿಗೇ ಕೇಳಿ: "ಹಗ್ಗ ಬಿಡ್ತೀಯೋ, ಗೆಳೆಯನ ಕೈ ಬಿಡ್ತೀಯೋ?" ಏಜೆನ್ಸಿ ಅತ್ಯಂತ ಹತ್ತಿರದಿಂದ ಕಾಣುವುದು ಇಂಥ ಪ್ರಶ್ನೆಯಲ್ಲಿ.

## ಲಕ್ಷಣ: ಒಬ್ಬರೇ ಎಲ್ಲವನ್ನೂ ತೀರ್ಮಾನಿಸುತ್ತಿದ್ದಾರೆ

ಇಲ್ಲಿ ದೋಷ ಜಿಎಂನಲ್ಲೇ ಇರಬೇಕಿಲ್ಲ. ಮಾತುಗಾರರೊಬ್ಬರು ಇರುತ್ತಾರೆ, ಆಟ ಚೆನ್ನಾಗಿ ಗೊತ್ತಿರುತ್ತದೆ, "ನೀನು ಆ ಮಂತ್ರ ಹಾಕು, ನೀನು ಹಿಂದೆ ನಿಲ್ಲು" ಅಂತ ಎಲ್ಲರ ಪಾತ್ರವನ್ನೂ ಆಡಿಸುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಉತ್ಸಾಹ ಜಾಸ್ತಿ, ಅಷ್ಟೇ.

ಮೊದಲು ನಿಮ್ಮದೇ ಅಭ್ಯಾಸ ನೋಡಿ. "ಏನು ಮಾಡ್ತೀರಿ?" ಅಂತ ಟೇಬಲ್‌ಗೆ ಕೇಳಿದರೆ ಮೊದಲು ಬಾಯಿ ತೆರೆಯುವವರು ಯಾವತ್ತೂ ಅವರೇ. ಬದಲಿಗೆ ಒಬ್ಬರ ಪಾತ್ರದ ಹೆಸರು ಹಿಡಿದು ಕೇಳಿ. ಕಡಿಮೆ ಮಾತಾಡುವವರಿಂದ ಶುರು ಮಾಡಿ. ಕೇಳಿದ ಮೇಲೆ ಕಾಯಿರಿ. ಹತ್ತು ಸೆಕೆಂಡ್ ಮೌನ ತುಂಬಾ ಉದ್ದ ಅನ್ನಿಸುತ್ತದೆ, ಆದರೂ ಕಾಯಿರಿ. ಬೇರೆಯವರು ನಡುವೆ ಬಂದರೆ "ಒಂದು ನಿಮಿಷ, ಇವರು ಹೇಳಲಿ" ಅಂತ ಮೆಲ್ಲಗೆ ತಡೆಯಿರಿ.

ಅದರಿಂದ ಸರಿಹೋಗದಿದ್ದರೆ ಆಟದ ಹೊರಗೆ, ಇಬ್ಬರೇ ಇರುವಾಗ ಮಾತಾಡಿ. ಎಲ್ಲರೆದುರು ಬೇಡ. ಆಟದೊಳಗೆ ಅವರ ಪಾತ್ರಕ್ಕೆ ಶಿಕ್ಷೆ ಕೊಟ್ಟು ಬುದ್ಧಿ ಕಲಿಸುವ ದಾರಿಯಂತೂ ಬೇಡವೇ ಬೇಡ. ಅದು ಟೇಬಲ್ ಒಡೆಯುವ ದಾರಿ.

ಇದರ ಇನ್ನೊಂದು ಕೆಟ್ಟ ರೂಪ ಇದೆ. ಒಬ್ಬ ಆಟಗಾರ ಜೊತೆಯವರ ಚೀಲಕ್ಕೆ ಕೈ ಹಾಕುತ್ತಾನೆ, ಅವರ ಗುಟ್ಟು ಮಾರುತ್ತಾನೆ, ಕೇಳಿದರೆ "ನನ್ನ ಪಾತ್ರ ಇರೋದೇ ಹಾಗೆ" ಅನ್ನುತ್ತಾನೆ. ಅವನಿಗೂ ಏಜೆನ್ಸಿ ಬೇಕಲ್ಲ ಅಂತ ಜಿಎಂ ಬಿಟ್ಟುಬಿಡುತ್ತಾರೆ. ಬಿಡಬಾರದು. ಒಬ್ಬರ ಆಯ್ಕೆ ಇನ್ನೊಬ್ಬರ ಆಯ್ಕೆಯನ್ನು ನುಂಗುತ್ತಿದೆ. ನನ್ನ ಟೇಬಲ್‌ನ ನಿಯಮ ಹೇಳುತ್ತೇನೆ: ಒಂದು ಪಾತ್ರ ಇನ್ನೊಬ್ಬ ಆಟಗಾರರ ಪಾತ್ರದ ಮೇಲೆ ಏನಾದರೂ ಮಾಡಿದರೆ, ಅದು ಫಲಿಸಿತೋ ಇಲ್ಲವೋ ಅಂತ ಹೇಳುವವರು ಆ ಇನ್ನೊಬ್ಬರು. ದಾಳವೂ ಅಲ್ಲ, ಜಿಎಂ ಕೂಡ ಅಲ್ಲ.

## ಲಕ್ಷಣ: "ನನ್ನ ಪಾತ್ರ ಹಾಗೆ ಮಾಡಲ್ಲ"

ಜಿಎಂ ಅಂದರು, "ನೀನು ಹೆದರಿ ಓಡಿದೆ." ಆಟಗಾರರಿಗೆ ಇರುಸುಮುರುಸು. ಪಾತ್ರದ ಒಳಮನಸ್ಸು ಆಟಗಾರರ ಸ್ವಂತ ಜಾಗ. ಅಲ್ಲಿ ಕಾಲಿಡುವ ಮುಂಚೆ ಕೇಳಬೇಕು. ಭಯ ಹುಟ್ಟಿಸುವುದನ್ನು ವರ್ಣಿಸಿ, "ಇದನ್ನು ನೋಡಿ ನಿನಗೆ ಏನಾಗುತ್ತೆ?" ಅಂತ ಬಿಟ್ಟುಕೊಡಿ. ಹೆಚ್ಚಿನವರು ನೀವು ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿ ಹೆದರುತ್ತಾರೆ.

ನಿಯಮದಲ್ಲೇ ಮನಸ್ಸು ಕಟ್ಟುವ ಮಂತ್ರ ಇದ್ದರೆ ಅದು ದೋಷವಲ್ಲ. ಆದರೆ ಗುರಿ ಮಾತ್ರ ನೀವು ಹೇಳಿ, ಅದನ್ನು ಹೇಗೆ ಮಾಡುತ್ತದೆ ಅನ್ನುವುದು ಆಟಗಾರರದ್ದೇ ಆಗಿರಲಿ. ಫೇಟ್ ಎಂಬ ಆಟದಲ್ಲಿ ಇದಕ್ಕೆ ಸೊಗಸಾದ ವ್ಯವಸ್ಥೆ ಇದೆ. ಪಾತ್ರದ ದೌರ್ಬಲ್ಯವನ್ನು ಹಿಡಿದು ಜಿಎಂ ತೊಂದರೆ ತರಬಹುದು, ಆದರೆ ಜೊತೆಗೆ ಒಂದು ಫೇಟ್ ಪಾಯಿಂಟ್, ಅಂದರೆ ಆಮೇಲೆ ದಾಳಕ್ಕೆ ಬಲ ಕೊಡಲು ಖರ್ಚು ಮಾಡಬಹುದಾದ ಅಂಕ, ಮುಂದಿಡಬೇಕು. ಒಪ್ಪಿದರೆ ಪಾಯಿಂಟ್ ಆಟಗಾರರಿಗೆ. ಬೇಡ ಅನ್ನಬೇಕಾದರೆ ಅವರು ತಮ್ಮದೊಂದು ಪಾಯಿಂಟ್ ಕೊಡಬೇಕು. ಎಳೆದಾಟ ಇದೆ, ಬಲವಂತ ಇಲ್ಲ.

## ಲಕ್ಷಣ: ಎಲ್ಲ ಸ್ವಾತಂತ್ರ್ಯ ಕೊಟ್ಟರೂ ಆಟ ಚೆಲ್ಲಾಪಿಲ್ಲಿ, ಜಿಎಂಗೆ ಸುಸ್ತು

ಇದನ್ನು ನೋಡಿ ಹೆದರಿ ಮತ್ತೆ ಹಳಿ ಹಾಕುವ ಜಿಎಂಗಳು ಬಹಳ. ಹೆದರಬೇಡಿ. ಈ ಆಟದ ಹುಟ್ಟೇ ಇಂಥ ಗೊಂದಲದಲ್ಲಿ ಆಗಿದೆ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ತಮ್ಮ ಯುದ್ಧದಾಟದ ಗೆಳೆಯರಿಗೆ ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಊರಿನ ಆಟ ನಡೆಸಿದರು. ಸೇನಾಪತಿಗಳ ಜೊತೆಗೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರು. ಯುದ್ಧ ಶುರುವಾಗುವ ಮುಂಚೆಯೇ ಆಟಗಾರರು ತಮ್ಮತಮ್ಮಲ್ಲೇ ಮಾತುಕತೆ, ಸಂಚು ಶುರು ಮಾಡಿದರು. ಇಬ್ಬರಂತೂ ದ್ವಂದ್ವಯುದ್ಧಕ್ಕೇ ಇಳಿದರು, ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ಅಲ್ಲೇ ಯೋಚಿಸಿ ತೀರ್ಪು ಕೊಡಬೇಕಾಯಿತು. ಆಟ ಹಾಳಾಯಿತು ಅಂತ ಅವರು ಅಂದುಕೊಂಡರೆ, ಗೆಳೆಯರು ಇನ್ನೊಂದು ಸಲ ಆಡಿಸಿ ಅಂತ ಬೆನ್ನು ಬಿದ್ದರು. ಆ ಗೆಳೆಯರಲ್ಲಿ ಡೇವ್ ಆರ್ನೆಸನ್ ಒಬ್ಬರು. ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ ರೂಪಿಸಿದ, ಈ ಬಗೆಯ ಮೊದಲ ಮುದ್ರಿತ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂತು.

ವೆಸ್ಲಿ ಕೊಟ್ಟದ್ದು ಬರೀ ಸ್ವಾತಂತ್ರ್ಯವಲ್ಲ, ಪ್ರತಿಯೊಬ್ಬರಿಗೂ ಒಂದು ಗುರಿ ಕೊಟ್ಟರು. ನಿಮ್ಮ ಆಟದಲ್ಲಿ ಅದು ಇದೆಯೇ ನೋಡಿ. ಪ್ರತಿ ಪಾತ್ರಕ್ಕೂ ಏನು ಬೇಕು ಅಂತ ಹಾಳೆಯ ಮೇಲೆ ಒಂದು ಸಾಲು ಬರೆಸಿ. "ಶಕ್ತಿಶಾಲಿ ಆಗಬೇಕು" ಅನ್ನುವುದು ಸಾಲದು. "ಅಣ್ಣನನ್ನು ಗಣಿಯಿಂದ ಬಿಡಿಸಬೇಕು" ಅನ್ನುವಂಥದ್ದು ಇರಲಿ.

ತಯಾರಿಯ ಭಾರ ಇಳಿಸಲು ಒಂದೇ ಪ್ರಶ್ನೆ ಸಾಕು. ಸೆಷನ್ ಮುಗಿಯುವ ಮುಂಚೆ "ಮುಂದಿನ ಸಲ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ. ಉತ್ತರ ಸಿಕ್ಕಿದ ಜಾಗವನ್ನು ಮಾತ್ರ ತಯಾರು ಮಾಡಿ.

## ದೋಷದಂತೆ ಕಂಡರೂ ದೋಷವಲ್ಲದ್ದು

ನೇರವಾದ ಕಥೆ ತಾನಾಗಿ ತಪ್ಪಲ್ಲ. ಒಂದೇ ಸಂಜೆಯ ಆಟ, ಮೊದಲ ಸಲ ಆಡುವವರು, ಮುದ್ರಿತ ಸಾಹಸ ಕಥೆ ಆಡೋಣ ಅಂತ ಎಲ್ಲರೂ ಒಪ್ಪಿದ್ದು, ಇಲ್ಲೆಲ್ಲ ಮುಖ್ಯ ದಾರಿ ಒಂದೇ ಇರಬಹುದು. ಒಪ್ಪಿಗೆ ಇದೆಯೇ ಅನ್ನುವುದೊಂದೇ ಪ್ರಶ್ನೆ. ಕೆಲವರಿಗೆ ತೀರ್ಮಾನ ಮಾಡುವುದಕ್ಕಿಂತ ಜೊತೆಗೆ ಕೂತು ನಗುವುದು, ಯುದ್ಧದಲ್ಲಿ ದಾಳ ಹಾಕುವುದು ಇಷ್ಟ. ಅವರನ್ನು ಬಲವಂತವಾಗಿ ಮುಂದಕ್ಕೆ ತಳ್ಳುವುದೂ ಅವರ ಮಾತನ್ನು ತೆಗೆದುಹಾಕಿದ ಹಾಗೆಯೇ. ನೇರವಾಗಿ ಕೇಳಿ ತಿಳಿದುಕೊಳ್ಳಿ.

## ಯಾವಾಗ ಆಟ ನಿಲ್ಲಿಸಬೇಕು

ಮೇಲಿನದೆಲ್ಲ ಆಟ ನಡೆಯುತ್ತಿರುವಾಗಲೇ ಸರಿಮಾಡಬಹುದು. ಕೆಲವನ್ನು ಹಾಗೆ ಮಾಡಬಾರದು.

ಒಬ್ಬರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಮುಖ ಬಿಗಿ ಮಾಡಿಕೊಂಡರೆ, ಕಣ್ಣು ತುಂಬಿಕೊಂಡರೆ, ಎದ್ದು ಹೊರಗೆ ಹೋದರೆ, ಆಟ ಅಲ್ಲಿಗೇ ನಿಲ್ಲಲಿ. ದೃಶ್ಯ ಮುಗಿಸಿಬಿಡೋಣ ಅನ್ನಬೇಡಿ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಇದಕ್ಕೇ ಇರುವುದು. ಟೇಬಲ್ ನಡುವೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಟ್ಟಿರುತ್ತಾರೆ, ಯಾರು ಬೇಕಾದರೂ ಮುಟ್ಟಬಹುದು. ಮುಟ್ಟಿದರೆ ಆ ವಿಷಯ ಆಟದಿಂದ ಹೊರಗೆ. ಯಾಕೆ ಅಂತ ಕೇಳುವ ಹಾಗಿಲ್ಲ. ಇದರ ಜೊತೆಗೆ, ಶುರುವಿನಲ್ಲೇ ಯಾವ ವಿಷಯ ಬರಲೇಬಾರದು, ಯಾವುದು ಬಂದರೂ ವರ್ಣಿಸದೆ ತೆರೆಮರೆಯಲ್ಲಿ ನಡೆಯಬೇಕು ಅಂತ ಪಟ್ಟಿ ಮಾಡಿಕೊಂಡರೆ ಒಳ್ಳೆಯದು. ಆಟಗಾರರ ಮಾತು ನಡೆಯಬೇಕು ಅನ್ನುವುದರಲ್ಲಿ ಇದೇ ಎಲ್ಲಕ್ಕಿಂತ ಮೊದಲು.

ಒಂದೇ ಆಟಗಾರರ ಪಾತ್ರ ಪ್ರತಿ ಸಲ ಅವಮಾನಕ್ಕೆ, ಹಿಂಸೆಗೆ ಗುರಿಯಾಗುತ್ತಿದ್ದರೆ ಅದು ಆಟದ ದೋಷವಲ್ಲ, ಜನರ ನಡುವಿನದ್ದು. ನಿಯಮ ಬದಲಿಸಿ ಅದನ್ನು ಸರಿಮಾಡಲು ಹೋಗಬೇಡಿ. ಆಟ ಬದಿಗಿಟ್ಟು ಮಾತಾಡಿ. ಬದಲಾಗದಿದ್ದರೆ ಹಾಗೆ ಮಾಡುವವರನ್ನು ಟೇಬಲ್‌ನಿಂದ ಕಳಿಸಿ. ಹಾಗೆ ಮಾಡುತ್ತಿರುವವರು ಜಿಎಂ ಆಗಿದ್ದರೆ, ನೀವು ಎದ್ದು ಬನ್ನಿ.

ಎಲ್ಲ ತಪಾಸಣೆ ಮಾಡಿಯೂ ಎಲ್ಲಿ ಕೆಟ್ಟಿದೆ ಅಂತ ತಿಳಿಯದಿದ್ದರೆ ಹೊರಗಿನವರ ಕಣ್ಣು ಬೇಕು. ನೀವು ನಂಬುವ ಇನ್ನೊಬ್ಬ ಜಿಎಂಗೆ ಒಂದು ಸೆಷನ್ ಸುಮ್ಮನೆ ಕೂತು ನೋಡಲು ಹೇಳಿ, ಆ ಮೂರು ಕಾಲಂ ಹಾಳೆ ಕೊಡಿ. ಅಥವಾ ನೀವೇ ಬೇರೆಯವರ ಟೇಬಲ್‌ನಲ್ಲಿ ಆಟಗಾರರಾಗಿ ಕೂರಿ. "ಏನು ಮಾಡ್ತೀರಿ?" ಅಂತ ನಿಮ್ಮನ್ನು ಕೇಳಿದಾಗ ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ.

## ಸರಿಯಾಗಿದೆಯೇ ಅಂತ ನೋಡುವುದು

ಒಂದು ಸಲಕ್ಕೆ ಒಂದೇ ದುರಸ್ತಿ ಮಾಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೂರು ಸೆಷನ್ ಕೊಟ್ಟು ಮತ್ತೆ ಹಾಳೆ ತುಂಬಿಸಿ, ಈ ಸಲವೂ ಆಟಗಾರರೊಬ್ಬರ ಕೈಯಲ್ಲಿ.

ಹಾಳೆ ಇಲ್ಲದೆಯೂ ಒಂದು ಗುರುತು ಸಿಗುತ್ತದೆ. ನೀವು ದೃಶ್ಯ ಹೇಳಿ ಮುಗಿಸಿದ್ದೀರಿ. ಅವರು ನಕ್ಷೆಯ ಮೇಲೆ ಬಗ್ಗಿ, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು, "ಹುಡುಗನ್ನ ಮೊದಲು ಕೇಳೋಣ", "ಇಲ್ಲ, ಗಾಡಿ ದೂರ ಹೋಗಿಬಿಡುತ್ತೆ" ಅಂತ ವಾದ ಮಾಡುತ್ತಿದ್ದಾರೆ. ಐದು ನಿಮಿಷ ಆಯಿತು. ಯಾರೂ ನಿಮ್ಮ ಕಡೆ ತಿರುಗಿ ನೋಡಿಲ್ಲ.